ಒಳಬದಿ ಮಾತ್ರ

ಇಪ್ಪತ್ತೊಂಬತ್ತು ವರ್ಷ ಎಡಗಾಲು ಮಾಡಿದ್ದು ಒಂದೇ ಕೆಲಸ:
ಒತ್ತು, ಬಿಡು.
ಕುಮಟೆ ಡಿಪೋ, ಶಿರಸಿ ರೂಟು,
ದೇವಿಮನೆ ಘಟ್ಟದ ತಿರುವು ತಿರುವಿಗೂ ಕ್ಲಚ್ಚು,
ಅಡ್ಡ ಬಂದ ಎಮ್ಮೆಗೊಂದು,
ಕೈ ತೋರಿಸಿ ಹತ್ತದೆ ನಿಂತವರಿಗೊಂದು.
ಲೆಕ್ಕ ಬರೆದಿಟ್ಟದ್ದು ಮೊಣಕಾಲು ಮಾತ್ರ.

ಕಾರವಾರದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಸಿಕ್ಕಿಸಿ
ಪೆನ್ನಿನ ತುದಿಯಲ್ಲಿ ತೋರಿಸಿದರು:
"ಇಲ್ಲಿ ನೋಡಿ ಹಮ್ಮಣ್ಣ, ಎಲುಬಿಗೆ ಎಲುಬು ತಾಗಿದೆ.
ಹೊರಬದಿ ಚೊಲೋ ಉಂಟು. ಚಿಪ್ಪು ಚೊಲೋ ಉಂಟು.
ಸವೆದದ್ದು ಒಳಬದಿ. ಅಷ್ಟೇ ಬದಲಿಸುವಾ."
ನನಗೆ ತಿಳಿಯಿತು. ಡಿಪೋದ ಪೇದ್ರು ಮೇಸ್ತ್ರಿಯ ಮಾತೂ ಇದೇ:
ಪ್ಲೇಟು ಹೋದರೆ ಪ್ಲೇಟು ಹಾಕು,
ಇಂಜಿನ್ನಿಗೆ ಯಾಕೆ ಕೈ ಹಾಕ್ತೆ ಮಾರಾಯ.

ಸೊಂಟದ ಕೆಳಗೆ ಮರಗಟ್ಟಿಸಿದ್ದರು.
ಹಸಿರು ಬಟ್ಟೆಯಾಚೆ ಗರಗಸ, ಸುತ್ತಿಗೆ.
ಯಾರದೋ ಗಾಡಿ ರಿಪೇರಿಯೆಂಬಂತೆ ಕೇಳುತ್ತ ಮಲಗಿದ್ದೆ.
ಬಾಯಿ ತುದಿಗೆ ಬಂದಿತ್ತು:
ಹಳೆ ಸಾಮಾನು ವಾಪಸು ಕೊಡ್ತೀರಾ?

ಮಾರನೇ ದಿನವೇ ನಿಲ್ಲಿಸಿದರು.
ಲೋಕವೆಂದರೆ ವಾಕರಿನ ನಾಲ್ಕು ರಬ್ಬರು ಬೂಟು;
ಪಾಯಖಾನೆ ಶಿರಸಿಗಿಂತ ದೂರ.
ಫಿಸಿಯೋ ಹುಡುಗಿ ಶರ್ಮದಾ ಪೆಡ್ನೇಕರ ಹೇಳಿಕೊಟ್ಟಳು:
"ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಕೆಟ್ಟ ಕಾಲು."
ಹೊಸ ಡ್ರೈವರುಗಳಿಗೆ ನಾನೂ ಒಂದು ಹೇಳಿಕೊಟ್ಟವನೇ:
ಹತ್ತಿದ ಗೇರಿನಲ್ಲೇ ಇಳಿ.
ಎರಡನ್ನೂ ಒಟ್ಟಿಗೆ ನೆನೆದು
ನಾಲ್ಕು ಮೆಟ್ಟಿಲಲ್ಲಿ ಬೆವತೆ.

ಮನೆಯಲ್ಲಿ ಐಸು. ಬೇಲೆಕೇರಿ ಧಕ್ಕೆಯಿಂದ
ಭಾವಮೈದ ಕೊಟ್ಟೆಯಲ್ಲಿ ಕಟ್ಟಿ ತರುತ್ತಿದ್ದ ಐಸು.
ಕರಗಿದ ಮೇಲೆ ಟವೆಲಿಗೆ ಅಂಟಿದ ಒಂದೇ ಹುರುಪೆ,
ತಾರ್ಲೆಯದೋ ಬಂಗುಡೆಯದೋ.
ಬೆಕ್ಕು ಬಂದು ಮೊಣಕಾಲು ಮೂಸಿ
ಅಲ್ಲೇ ಕಾದು ಮಲಗಿತು.

ಮಡಚು, ಬಿಡು.
ಅರವತ್ತು ಡಿಗ್ರಿ. ಎಪ್ಪತ್ತು. ಎಪ್ಪತ್ತರಲ್ಲೇ ಒಂಬತ್ತು ದಿನ,
ಘಟ್ಟದಲ್ಲಿ ಕೆಟ್ಟು ನಿಂತ ಬಸ್ಸಿನ ಹಾಗೆ.
ಹಿಮ್ಮಡಿ ಹಿಡಿದು ಹಿಂದಕ್ಕೆ ಜಾರಿಸಲು
ನೆಲಕ್ಕೆ ಕೂರುವವಳು ರಾಕು.
ನಾನು ಅವ್ವಾ ಎಂದರೆ ಅವಳು ಹಲ್ಲು ಕಚ್ಚುವಳು.
ನನ್ನ ನೋವಿಗೇ ಎಂದುಕೊಂಡಿದ್ದೆ.

ತೊಂಬತ್ತು ಮುಟ್ಟಿದ ಸಂಜೆ ಅವಳು ಎದ್ದಳು.
ಗೋಡೆಗೊಂದು ಕೈ, ಮಂಚದ ಕಾಲಿಗೊಂದು ಕೈ,
ಆಮೇಲೆ ಆ ಸದ್ದು.
ಇಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುತ್ತಿದ್ದವ ನಾನು.
ಇದು ಇವತ್ತಿನದಲ್ಲ.
ಮೆಟ್ಟುಗತ್ತಿಯ ಮೇಲೆ ಕೂತು ಮೀನು ಹೆಚ್ಚಿದ್ದು,
ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಸರಿಯುತ್ತ ಶೇಂಗಾ ಕಿತ್ತದ್ದು,
ನಾನು ಡ್ಯೂಟಿಯಲ್ಲಿದ್ದಾಗ ಆದದ್ದು.
"ಎಷ್ಟು ದಿನದಿಂದ?"
"ನಂಗೆಂತಾ ಆಗ್ಲಿಲ್ಲ. ನೀವು ಕಾಲು ಮಡಚಿ."

ತಿಂಗಳ ತಪಾಸಣೆಯ ನೆಪಕ್ಕೆ ಅವಳನ್ನೂ ಹೊರಡಿಸಿದೆ.
ಅಂಕೋಲೆ ಸ್ಟ್ಯಾಂಡಿನಲ್ಲಿ ಕಾರವಾರದ ಗಾಡಿ.
ಮೊದಲ ಮೆಟ್ಟಿಲು ಇಷ್ಟು ಎತ್ತರವೆಂದು ಗೊತ್ತಿರಲಿಲ್ಲ;
ಅಷ್ಟೂ ವರ್ಷ ನನ್ನ ಬಾಗಿಲೇ ಬೇರೆ.
ಕಂಬಿ ಹಿಡಿದು ನಿಂತಳು. ಹಿಂದೆ ಜನ. ಸೀಟಿ.
"ಒಳ್ಳೆ ಕಾಲು ಮುಂದಿಡು," ಅಂದೆ.
ತಿರುಗಿ ನೋಡಿದಳು:
"ನಂದು ಅದು ಯಾವ್ದು?"