ಬಾರಿ ಎಲೆಯ ನೀರು

ದಾವಲಬಿ ಖಾಲಾನ ಕೈ ಯಾವಾಗಲೂ
ಕರ್ಪೂರ ನಾರುತ್ತಿತ್ತು.
ರೊಟ್ಟಿ ಬಡಿಯುವಾಗಲೂ, ನನ್ನ ಜಡೆ ಹೆಣೆಯುವಾಗಲೂ.
ನಾವು ಹುಡುಗಿಯರು ಮೂಗು ಮುಚ್ಚಿ ನಗುತ್ತಿದ್ದೆವು,
ಒಬ್ಬೊಬ್ಬರ ಅಜ್ಜಿ ಸಾಯುವ ತನಕ.

ಡೋಣಿ ದಂಡೆಯ ನಮ್ಮೂರಲ್ಲಿ ನಲವತ್ತು ವರ್ಷ
ಹೆಣ್ಣು ಸತ್ತ ಮನೆಯ ಹಿತ್ತಲಿಗೆ ಪರದೆ ಕಟ್ಟಿ
ಬಾರಿ ಎಲೆ ಕುದಿಸಿದ ನೀರಿನ ಹದ ನೋಡಿದವಳು
ಮೊಣಕೈ ಅದ್ದಿ, ಕೂಸಿಗೆ ನೋಡಿದ ಹಾಗೆ.
ಬಲಗಡೆ ಮೊದಲು, ಆಮೇಲೆ ಎಡಗಡೆ.
"ಸವಳು ನೀರ ಐತಿ, ಕಣ್ಣ ಮುಚ್ಚಿಕೋ ನನ್ನವ್ವ"
ಎಂದು ಸತ್ತವರಿಗೂ ಹೇಳುತ್ತಿದ್ದಳು.
ಹೊಲಿಗೆಯಿಲ್ಲದ ಐದು ತುಂಡು ಬಟ್ಟೆ.
ಅಷ್ಟೇ. ಹೊಸ್ತಿಲಾಚೆ ಗಂಡಸರು.
ಜನಾಜಾ ಎದ್ದಿತೆಂದರೆ ಕೊಡ ಬೋರಲು ಹಾಕಿ
ಓಣಿಯ ತಿರುವಿನ ತನಕ ನೋಡುತ್ತ ನಿಲ್ಲುವಳು.
ತಾನು ತೊಳೆದವರು ಎಲ್ಲಿ ಮಲಗಿದರೋ
ನೋಡಿದವಳಲ್ಲ.

ನೀರಿನ ಒಲೆಗೆ ಕಟ್ಟಿಗೆ ತುರುಕುತ್ತಿದ್ದ
ಜೈತೂನಬಿ ಸತ್ತ ದಿನ
ಖಾಲಾ ಕೊಡ ಬೋರಲು ಹಾಕಲಿಲ್ಲ.
ಉಳಿದ ನೀರಿನ ಸಮೇತ ಸೊಂಟಕ್ಕೇರಿಸಿ
ಜನಾಜಾದ ಹಿಂದೆ ನಡೆದಳು.
ಯಾರನ್ನೂ ಬಾ ಅನ್ನಲಿಲ್ಲ.
ಮೊದಲು ನಮ್ಮಮ್ಮ ಹೋದಳು, ಚಪ್ಪಲಿ ಮರೆತು.
ಪಿಂಜಾರರ ಸೊಸೆ, ಕೂದಲಲ್ಲಿ ಅರಳೆ ಹಾಗೇ ಇತ್ತು.
ಆಮೇಲೆ ನಾನು ಎಣಿಸಲಿಲ್ಲ.

ಗೇಟಿನಲ್ಲಿ ಮುತವಲ್ಲಿ ಲಾಡ್ಲೆಸಾಬ.
"ಕಬರಸ್ತಾನಕ್ಕ ಹೆಂಗಸರು ಬರೂದಿಲ್ಲ ದಾವಲಬಿ,
ಹಿಂದಿಂದ ನಡಕೊಂಡ ಬಂದದ್ದು."
ಖಾಲಾ ದನಿ ಏರಿಸಲಿಲ್ಲ.
"ನಿಮ್ಮವ್ವನ ಬೆನ್ನ ಮ್ಯಾಲೆ
ಹುಣಸಿ ಬೀಜದಂಥಾ ಮಚ್ಚಿ ಇತ್ತು, ಲಾಡ್ಲ್ಯಾ.
ನಿನಗ ಗೊತ್ತಿತ್ತೇನು?
ನಾ ತೊಳದೀನಿ ಆಕಿನ್ನ.
ಎಲ್ಲಿ ಮಲಗ್ಯಾಳ, ತೋರಸು."

ಯಾರೋ ಕೆಮ್ಮಿದರು.
ಒಬ್ಬ ಹುಡುಗ ಸಲಿಕೆ ಕೆಳಗಿಟ್ಟ.
ಮುತವಲ್ಲಿ ಗೇಟು ತೆರೆಯಲಿಲ್ಲ, ಮುಚ್ಚಲೂ ಇಲ್ಲ,
ಕಂಬ ಹಿಡಿದು ನಿಂತ.
ಅವನ ಪಕ್ಕದ ಸಂದಿಯಲ್ಲೇ
ನಾವು ಒಬ್ಬೊಬ್ಬರಾಗಿ.

ಒಳಗೆ ಎರೆಮಣ್ಣು, ಬಿಸಿಲಿಗೆ ಬಾಯಿಬಿಟ್ಟದ್ದು.
ಹೆಸರಿದ್ದ ಕಲ್ಲೆಲ್ಲ ಗಂಡಸರವು.
ಹಿಮ್ಮಡಿಯ ಬಿರುಕು ಕಂಡು, ಬಸಿರಿನ ಗೆರೆ ಕಂಡು
ಇಂಥವಳೇ ಎಂದು ಗುರುತಿಸುವ ಖಾಲಾಗೆ
ಇಲ್ಲಿ ಬರೀ ದಿಬ್ಬ.
"ಇದ ಯಾರು? ಇದು?"
ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.
ಲಾಡ್ಲೆಸಾಬ ನಿಧಾನ ಬಂದ.
ಒಂದರ ಮುಂದೆ ನಿಂತ. "ಇದು…"
ಪಕ್ಕದ್ದನ್ನು ನೋಡಿದ. "ಇಲ್ಲ. ಇದಿರಬೇಕು."

ಕೊಡದ ನೀರನ್ನು ಖಾಲಾ
ಎರಡೂ ದಿಬ್ಬಕ್ಕೆ ಸರಿಯಾಗಿ ಹೊಯ್ದಳು.
ಜೈತೂನಬಿಗೆ ಮೂರು ಹಿಡಿ ಮಣ್ಣು,
ಮೂರನೆಯದು ಅಂಗೈಗೆ ಅಂಟಿ ಬಿಡಲೊಲ್ಲದು.

ಮುಂದಿನ ಶುಕ್ರವಾರ ಜಮಾತಿನ ವಹಿಯಲ್ಲಿ
ದಂಡ ಬರೆದರು: ಐನೂರು ರೂಪಾಯಿ,
ದಾವಲಬಿ, ಗಂಡ ಮೀರಾಸಾಬ ನಾಲಬಂದ.
ಅವಳ ಹೆಸರು ಆ ವಹಿಗೆ ಬಿದ್ದದ್ದು ಅದೇ ಮೊದಲು.
ಚೀಟಿ ನನ್ನ ಕೈಗಿಟ್ಟು, ಓದು ಅಂದಳು.
ಓದಿದೆ.
ರೊಟ್ಟಿ ಬಡಿಯುವುದು ನಿಲ್ಲಿಸಿ,
"ಇನ್ನೊಮ್ಮಿ ಓದು, ಹೆಸರಷ್ಟ" ಅಂದಳು.