ಒಂದೂವರೆಗೆ ಬರುವ ನೆಂಟ

ಕಾಂಗೋ ನದಿಯ ದಂಡೆಯಿಂದ ಒಂದು ಗಂಟೆ ನಡೆದರೆ
ಲಿಂಬಲಿ ಮರಗಳ ನೆತ್ತಿ ಮೀರಿದ ಕಬ್ಬಿಣದ ಗೋಪುರ.
ಅದನ್ನು ನೋಡಿಕೊಳ್ಳುವವಳು ನಾನು, ಬೊಲುಂಬು.
ಇನ್ನೂರ ಎಪ್ಪತ್ತಾರು ಮೆಟ್ಟಿಲು,
ನಲವತ್ತನೆಯದು ಸಡಿಲ.

ಬೆಳಿಗ್ಗೆ ಹತ್ತಿ ಕಣಜದ ಗೂಡು ಕೆಡವುತ್ತೇನೆ,
ಕಾಡಿನ ಉಸಿರು ಅಳೆಯುವ ಯಂತ್ರದ ಗಾಜನ್ನು
ಹಳೇ ಅಂಗಿಯ ತೋಳಿನಿಂದ ಒರೆಸುತ್ತೇನೆ.
ಅಲ್ಲಿಂದ ಮೇಲೆ, ಏಳುನೂರು ಕಿಲೋಮೀಟರು ಮೇಲೆ,
ಅವನು.

ಹದಿನಾರು ದಿನಕ್ಕೊಮ್ಮೆ, ಮಧ್ಯಾಹ್ನ ಒಂದೂವರೆಗೆ.
ಯಾವತ್ತೂ ಒಂದೂವರೆಗೇ.
ಹೊತ್ತು ನೋಡಿ ಬರುವ ನೆಂಟ;
ಕಾಡು ಎಲೆ ಹಾಸಿ ಬಿಸಿಲು ಬಡಿಸಿಕೊಂಡು
ಉಣ್ಣಲು ಕೂತ ಗಳಿಗೆಗೇ ಬಂದು
ಜಂತೆ ಎಣಿಸಿ ಹೋಗುತ್ತಾನೆ.

ಮೇಲಕ್ಕೆ ಮರಳುವ ಬೆಳಕು ಯಾವ ಬಣ್ಣ ಕಳೆದುಕೊಂಡಿತೆಂದು ನೋಡಿ
ಗಾಳಿಯಲ್ಲಿ ಇಂಗಾಲ ಎಷ್ಟೆಂದು ಹೇಳುತ್ತಾನಂತೆ.
ಇನ್ನೊಂದೂ ಕಾಣುತ್ತದಂತೆ ಅವನಿಗೆ:
ಉಣ್ಣುವ ಎಲೆ ಒಂಚೂರು ಕೆಂಪಗೆ ಮಿನುಗುತ್ತದೆ,
ನಮ್ಮ ಕಣ್ಣಿಗೆ ಬೀಳದಷ್ಟು.
ಕೇಳಿದ ದಿನ ಒಂದು ಎಲೆಯನ್ನು
ಅಂಗೈಗಳ ಗವಿಯೊಳಗಿಟ್ಟು ಇಣುಕಿದೆ.
ಕತ್ತಲೆ. ಇರುವೆ ಕಚ್ಚಿತು.

ಮೋಡವಿದ್ದ ದಿನ ಅವನು ಬಂದರೂ ಬಾರದ ಲೆಕ್ಕ.
ಹೋದ ವರ್ಷದ ಪಟ್ಟಿಯಲ್ಲಿ
ಏಪ್ರಿಲ್ ಪೂರ್ತಿ ಖಾಲಿ ಚೌಕಗಳು.
ಆ ಖಾಲಿಯೊಳಗೆ ನನ್ನ ತಂಗಿ ಎರಡು ಹೆತ್ತಳು.
ಒಂದು ಉಳಿಯಿತು.

ರಾತ್ರಿ ಅವನಿಗೆ ಕಣ್ಣಿಲ್ಲ.
ಹಗಲು ಉಂಡದ್ದನ್ನು ಕಾಡು ಆಗ ಬಿಡುತ್ತದೆ,
ಬೇರಿನಿಂದ, ಕೊಳೆತ ದಿಮ್ಮಿಯಿಂದ, ಗೆದ್ದಲಿನ ಬಾಯಿಂದ.
ಆ ಉಸಿರು ಮೇಲೇರದೆ ತಗ್ಗಿಗೆ ಜಾರಿ
ನನ್ನ ಗೋಪುರಕ್ಕೂ ಪೂರಾ ಸಿಗುವುದಿಲ್ಲ.
ನಸುಕಿನಲ್ಲಿ ಮೆಟ್ಟಿಲ ಬುಡಕ್ಕೆ ಬಂದಾಗ
ಮೊಣಕಾಲಿಗೆ ತಾಕುವ ತೇವ, ಆ ಹಳಸಲು ವಾಸನೆ:
ಇದನ್ನು ಯಾವ ಚೌಕದಲ್ಲಿ ತುಂಬಲಿ?

ಅಮ್ಮ ಇದ್ದಿಲು ಸುಡುತ್ತಾಳೆ. ಮಕಾಲ ಅಂತೀವಿ ನಾವು.
ಮಣ್ಣು ಮೆತ್ತಿದ ಗುಡ್ಡೆ, ಒಂಬತ್ತು ದಿನದ ಹೊಗೆ.
ಆ ದುಡ್ಡಿನಲ್ಲಿ ನಾನು ಗಣಿತ ಕಲಿತೆ,
ಗಣಿತದಿಂದ ಈ ಕೆಲಸ.
ತೆಂಕಣ ಗಾಳಿ ಬೀಸಿದರೆ ಅವಳ ಹೊಗೆ ಇಲ್ಲಿಗೆ ಮುಟ್ಟುತ್ತದೆ,
ಪರದೆಯ ಮೇಲಿನ ಗೆರೆ ಬೆಚ್ಚಿ ಎದ್ದು ನಿಲ್ಲುತ್ತದೆ.
ಪಕ್ಕದಲ್ಲಿ ಬರೆಯುತ್ತೇನೆ: 'ಸ್ಥಳೀಯ ಅಡಚಣೆ'.
ಅವಳ ಹೆಸರು ಅಲ್ಲಿ ಹಾಗಿದೆ ಎಂದು
ಇನ್ನೂ ಹೇಳಿಲ್ಲ ಅವಳಿಗೆ.

ಮರಗಳ ಸುತ್ತಳತೆ ಹಿಡಿಯುವ ಮುದುಕ ಬೊತುಲಿ
ಟೇಪು ಸುತ್ತುತ್ತ ನಗುತ್ತಾನೆ:
'ಎದೆಯೆತ್ತರಕ್ಕೆ ನಾನೇ ಬಳಿದ ಕೆಂಪು ಪಟ್ಟೆ
ಈಗ ಗಲ್ಲಕ್ಕೆ ಬಂದಿದೆ, ನೋಡು.
ಮರ ಎತ್ತಿಕೊಂಡು ಹೋದದ್ದಲ್ಲ.
ನಾನು ಇಳಿದದ್ದು.'

ಕೊಂಡದ್ದು, ಬಿಟ್ಟದ್ದು, ಕೂಡಿ ಕಳೆದು
ಗೆಂಟ್ ಊರಿನ ಹಿಲ್ಡಮ್ಮ ಕಾಗದ ಕಳಿಸಿದ್ದಾಳೆ:
ಉಳಿದದ್ದು ಇಷ್ಟು, ಹೆಚ್ಚುಕಡಿಮೆ ಇಷ್ಟು.
ಓದಿದೆ, ಮತ್ತೆ ಓದಿದೆ.
ಉಳಿದದ್ದಕ್ಕಿಂತ
ಹೆಚ್ಚುಕಡಿಮೆಯೇ ದೊಡ್ಡದು.
ಕಾಡು ಕೊಟ್ಟಿದೆಯೋ ಪಡೆದಿದೆಯೋ
ಅವಳಿಗೂ ಗೊತ್ತಿಲ್ಲ; ಗೊತ್ತಿಲ್ಲವೆಂದು ಸಹಿ ಹಾಕಿದ್ದಾಳೆ.
ಅದಕ್ಕೇ ಅವಳ ಮೇಲೆ ನಂಬಿಕೆ ನನಗೆ.

ಇವತ್ತು ಅವನ ಸರದಿ. ಆಕಾಶ ತೊಳೆದಿಟ್ಟ ಹಾಗಿತ್ತು.
ತುದಿಯಲ್ಲಿ ಕೂತು ಮರಗೆಣಸಿನ ಕಡುಬಿನ ಎಲೆ ಬಿಚ್ಚಿದೆ.
ಒಂದೂವರೆ.
ಏನೂ ಕಾಣಲಿಲ್ಲ, ಸದ್ದೂ ಇಲ್ಲ.
ಉಣ್ಣುವ ಹೊತ್ತಿಗೆ ಬಂದವರನ್ನು ಕರೆಯದಿರುವುದು ಹೇಗೆ,
ಒಂದು ತುಣುಕು ಎತ್ತಿ ಹಿಡಿದು
ಬಾ, ಕೂತುಕೋ, ಎಂದೆ.
ಅಷ್ಟರಲ್ಲಿ ನದಿಯ ಕಡೆಯಿಂದ ಒಂದು ಮೋಡ,
ತೆಂಕಣದಿಂದ ಅಮ್ಮನ ಹೊಗೆ.

ಕೈ ಒರೆಸಿಕೊಂಡು ಇಳಿದೆ,
ನಲವತ್ತನೆಯದನ್ನು ದಾಟಿ.