ಹೊಕ್ಕುಳಿನ ಪುಟ

ಲ್ಯಾಟಿನ್ ನಿಘಂಟು, ಎರಡು ಕೇಜಿಗೂ ಮೇಲೆ,
ಬೆನ್ನು ಮುರಿದು, ಹೊಲಿಗೆ ಸಡಿಲಾಗಿ,
ಮಳೆನೀರು ಕುಡಿದು ಉಬ್ಬಿಕೊಂಡದ್ದು.
ಅವೆನ್ಯೂ ರೋಡಿನ ಹಿಂದಿನ ಗಲ್ಲಿಗೆ, ನಮ್ಮ ಬೈಂಡಿಂಗ್ ಅಂಗಡಿಗೆ
ಫಾದರ್ ರಾಯಪ್ಪನವರು ಅದನ್ನು
ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ತಂದರು.

"ಕೊನೆಯ ಕಡೆ ಒಂದು ಹಾಳೆ ಬಿಟ್ಟುಕೊಂಡಿದೆ, ಮುನಿಲಕ್ಷ್ಮಿ.
ಒಳ್ಳೆಯ ಹಾಳೆ ಅದು. ಉಂಬಿಲಿಕುಸ್ ಇರುವುದು."
ನನಗೆ ಉಂಬಳಿ ಎಂದು ಕೇಳಿಸಿತು.
ನಕ್ಕರು: "ಹೊಕ್ಕುಳು ಕಣಮ್ಮ."
ನನ್ನ ಕಿವಿಯದೇನೂ ತಪ್ಪಿಲ್ಲ ಅನ್ನಿಸಿತು. ಒಂಬತ್ತು ತಿಂಗಳು
ಕಂದಾಯ ಕಟ್ಟದೆ ಉಂಡ ನೆಲ.

ಅವರು ಬೆರಳಿಟ್ಟು ಓದುತ್ತ ಹೋದರು,
ನಾನು ಮೈದಾ ಅಂಟು ಕಲಸುತ್ತ ಕೇಳಿದೆ.
ಹೊಕ್ಕುಳು. ನಾಡಿನ ನಟ್ಟನಡು.
(ತಲೆಯೆತ್ತಿ ಬೀದಿ ನೋಡಿದೆ. ನಾಲ್ಕು ಜೊತೆ ಎತ್ತು
ನಾಲ್ಕು ದಿಕ್ಕಿಗೆ ಹೊರಟವೆನ್ನುವ ಚೌಕ
ಇಲ್ಲಿಂದ ಕೂಗಳತೆ. ಅಲ್ಲೀಗ ತಳ್ಳುಗಾಡಿಯವನೊಬ್ಬ
ಹಿಂದಕ್ಕೂ ಆಗದೆ ಮುಂದಕ್ಕೂ ಆಗದೆ
ಯಾರ ತಾಯನ್ನೋ ಬೈಯುತ್ತಿದ್ದ.)
ಬಿಸಿಲು ಗಡಿಯಾರದ ಮುಳ್ಳು, ನೆರಳು ಬೀಳಿಸುವುದು.
ಕಡಲ ದಂಡೆಯ ನುಣುಪು ಕಲ್ಲು, ಅಥವಾ
ಒಂದು ಬಗೆಯ ಶಂಖದ ಹುಳು. ಯಾವುದೋ, ಅವರಿಗೂ ಖಾತ್ರಿಯಿಲ್ಲ.

ಆಮೇಲೆ ಕನ್ನಡಕ ಹಣೆಗೇರಿಸಿ, "ಇದು ನಿನ್ನ ಕಸುಬಿನದು" ಎಂದರು.
ಪುಸ್ತಕಗಳು ಸುರುಳಿಯಾಗಿದ್ದ ಕಾಲಕ್ಕೆ
ಸುತ್ತುವ ಕೋಲಿನ ತುದಿಯ ಗುಬುಟು, ಅದೂ ಹೊಕ್ಕುಳು.
'ಹೊಕ್ಕುಳಿಗೆ ತಂದೆ' ಎಂದರೆ
(ತಂದೆ ಎಂದರೆ ಫಾದರಲ್ಲ, ತರುವುದು)
ಬರೆದು ಮುಗಿಸಿದೆ ಎಂದು.

ನನ್ನಮ್ಮ ಬಟ್ಟಿ ತೆಗೆಯುತ್ತಿದ್ದವಳು.
ಕಾಟನ್‌ಪೇಟೆಯ ಹಮಾಲರು, ಮೂಟೆ ಎತ್ತಿ ಹೊಕ್ಕುಳು ಜಾರಿದವರು,
ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಅಂಗಾತ ಮಲಗುವರು.
ಹೊಟ್ಟೆಯ ಮೇಲೆ ಹಣತೆ ಹಚ್ಚಿಟ್ಟು ಚೊಂಬು ಕವುಚುವಳು.
ಚೊಂಬು ಕಚ್ಚಿಕೊಳ್ಳುವುದು,
ಜಾರಿದ್ದು ಜಾಗಕ್ಕೆ ಬರುವುದು.
ದುಡ್ಡು ಮುಟ್ಟುತ್ತಿರಲಿಲ್ಲ. ಎರಡು ವೀಳ್ಯದೆಲೆ ಸಾಕು.

ಆಷಾಢದಲ್ಲಿ ಅವಳಿಗೆ ಕೊನೆಯ ನೀರು ಹಾಕಿದವಳು ನಾನೇ.
ಹೊಟ್ಟೆ ಒರೆಸುವಾಗ ಕೈ ನಿಂತಿತು.
ಆ ಗುಳಿ ಅಜ್ಜಿಯ ಗುರುತು, ನನ್ನದಲ್ಲ.
ನಾನು ಜೋತುಬಿದ್ದಿದ್ದ ಜಾಗಕ್ಕೆ
ಅವಳ ಮೈಮೇಲೆ ಗುರುತೇ ಇಲ್ಲ.
ಅವಳದು ಇರುವುದು ನನ್ನ ಹೊಟ್ಟೆಯ ಮೇಲೆ,
ದಿನವೂ ಅದರ ಕೆಳಗೇ ನೆರಿಗೆ ಸಿಕ್ಕಿಸುತ್ತೇನೆ, ನೋಡದೆ.

ಇದನ್ನೆಲ್ಲ ಫಾದರಿಗೆ ಹೇಳಲಿಲ್ಲ.
"ಎಷ್ಟಾಯಿತು?" ಅಂದರು. ನಾನೂರು ಅಂದೆ.
ಮುನ್ನೂರೈವತ್ತು ಎಣಿಸಿ ಕೊಟ್ಟರು.

ಹಾಳೆ ಅಂಟಿಸಿದೆ. ಪ್ರೆಸ್ಸಿಗೆ ಹಾಕಿ
ಹಿಡಿ ತಿರುಗಿಸುವಾಗ, ಯಾಕೋ,
ಚೊಂಬು ಕಚ್ಚಿಕೊಂಡ ಸದ್ದು.
ಇರಲಿ ರಾತ್ರಿಯೆಲ್ಲ ಹಾಗೇ.
ಬೆಳಿಗ್ಗೆ ಬಂದು ತೆಗೆಯುತ್ತೇನೆ,
ಖಾಲಿ ಹೊಟ್ಟೆಯಲ್ಲಿ.